ನರ್ಸಿಂಗ್ ಅಧ್ಯಾಪಕರಿಗೆ ಮೂರು ದಿನಗಳ ತರಬೇತಿ: ಕಾಸರಗೋಡಿನಿಂದ ಒಂದು ವಿಮರ್ಶೆ

ಆರೋಗ್ಯ ವೃತ್ತಿ ಶಿಕ್ಷಣದಲ್ಲಿ ಸಂಶೋಧನೆ ಮತ್ತು ಮೌಲ್ಯಮಾಪನ ಎಂಬ ವಿಷಯದ ಮೇಲೆ ಕಾಸರಗೋಡು ಪೇಟೆಯಲ್ಲಿ ನಡೆದ ಮೂರು ದಿನಗಳ ತರಬೇತಿಗೆ ನಾನು 4,500 ರೂಪಾಯಿ ಶುಲ್ಕ ಕಟ್ಟಿ ಹೋಗಿದ್ದೆ. ಹದಿನಾರು ವರ್ಷಗಳಿಂದ ನರ್ಸಿಂಗ್ ಕಲಿಸುತ್ತಿರುವ ನನಗೆ ಇಂತಹ ತರಬೇತಿ ಊರಿನಲ್ಲೇ ಸಿಕ್ಕಿದ್ದು ಇದೇ ಮೊದಲು. ಈ ತನಕ ಇಂಥದ್ದಕ್ಕೆಲ್ಲ ಮಂಗಳೂರಿಗೋ ಕಲ್ಲಿಕೋಟೆಗೋ ರೈಲು ಹಿಡಿಯಬೇಕಾಗುತ್ತಿತ್ತು. ನಮ್ಮಲ್ಲಿ ನರ್ಸಿಂಗ್ ಅಧ್ಯಾಪಕರು, ಫಿಸಿಯೋಥೆರಪಿ ಕಲಿಸುವವರು ಮತ್ತು ಇಬ್ಬರು ಯುವ ವೈದ್ಯರು ಸೇರಿ ಇಪ್ಪತ್ತಾರು ಮಂದಿ ಇದ್ದೆವು. ಏರ್ಪಡಿಸಿದವರ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಕೆಳಗೆ ಹೇಳುವ ಆಕ್ಷೇಪಗಳಲ್ಲಿ ಮುಖ್ಯವಾದದ್ದು ಆ ಒಂದು ತಂಡಕ್ಕೆ ಮಾತ್ರ ಸೇರಿದ್ದಲ್ಲ, ನಾನು ಕಂಡ ಈ ಬಗೆಯ ಎಲ್ಲ ತರಬೇತಿಗಳ ಪಠ್ಯಕ್ರಮಕ್ಕೂ ಸೇರಿದ್ದು.

ಕೊಟ್ಟ ಹಣದ ಬಹುಪಾಲು ಮೊದಲ ದಿನ ಬೆಳಗ್ಗೆಯೇ ಸಾರ್ಥಕವಾಯಿತು. ಕನ್ನಡದಲ್ಲಿ ಮೌಲ್ಯಮಾಪನ ಎಂದ ಕೂಡಲೇ ನಮ್ಮ ಕಣ್ಣೆದುರು ಬರುವುದು ಉತ್ತರಪತ್ರಿಕೆಯ ಕಟ್ಟು ಮತ್ತು ಕೆಂಪು ಶಾಯಿ. ವಿದ್ಯಾರ್ಥಿ ಎಷ್ಟು ಕಲಿತಳು ಎಂದು ನೋಡುವುದು ಒಂದು ಕೆಲಸ, ನಾವು ನಡೆಸಿದ ಪಾಠಕ್ರಮ ತನ್ನ ಕೆಲಸ ಮಾಡಿತೇ ಎಂದು ನೋಡುವುದು ಬೇರೆಯೇ ಕೆಲಸ ಎಂಬುದನ್ನು ಬಿಡಿಸಿ ಹೇಳಲು ಅವರು ಉಪನ್ಯಾಸದ ಮೊರೆ ಹೋಗಲಿಲ್ಲ. ಪ್ರತಿಯೊಬ್ಬರೂ ತಮ್ಮ ಕಾಲೇಜಿನ ಅಭಿಪ್ರಾಯಪತ್ರವನ್ನು ತರಬೇಕೆಂದು ಮೊದಲೇ ತಿಳಿಸಿದ್ದರು. ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ 1959ರಲ್ಲಿ ಮುಂದಿಟ್ಟ ನಾಲ್ಕು ಮಟ್ಟಗಳನ್ನು ಹಲಗೆಯ ಮೇಲೆ ಬರೆದರು: ಕಲಿಯುವವರಿಗೆ ಹಿಡಿಸಿತೇ, ಅವರು ಕಲಿತರೇ, ಕಲಿತದ್ದು ಅವರ ಕೆಲಸದಲ್ಲಿ ಕಾಣುತ್ತಿದೆಯೇ, ಅದರಿಂದ ಕೊನೆಗೆ ಸಿಕ್ಕ ಫಲವೇನು. ಬಳಿಕ ನಮ್ಮ ಪತ್ರಗಳಲ್ಲಿದ್ದ ಒಂದೊಂದು ಪ್ರಶ್ನೆಯನ್ನೂ ಅದರ ಮಟ್ಟದ ಕೆಳಗೆ ಬರೆಯಲು ಹೇಳಿದರು. ಒಂದು ಗಂಟೆ ಕಳೆಯುವಾಗ ಮೊದಲನೆಯ ಮಟ್ಟದ ಕೆಳಗೆ ಜಾಗವೇ ಉಳಿದಿರಲಿಲ್ಲ. ಮೂರನೆಯ ಮತ್ತು ನಾಲ್ಕನೆಯ ಮಟ್ಟಗಳ ಕೆಳಗೆ ಒಂದು ಸಾಲೂ ಇರಲಿಲ್ಲ. ವರ್ಷಕ್ಕೆ ಎರಡು ಬಾರಿ ತುಂಬಿಸಿ, ಕಪಾಟಿನಲ್ಲಿ ಜೋಡಿಸಿಟ್ಟ ಆ ಹಾಳೆಗಳಿಂದ ನಮ್ಮ ವಿದ್ಯಾರ್ಥಿನಿಯರು ವಾರ್ಡಿನಲ್ಲಿ ಏನು ಮಾಡುತ್ತಾರೆ ಎಂಬುದು ನಮಗೆ ಗೊತ್ತಾಗಲು ಸಾಧ್ಯವೇ ಇಲ್ಲ ಎಂಬುದು ಯಾರೂ ಹೇಳದೆ ಎಲ್ಲರಿಗೂ ಕಂಡಿತು.

ಎರಡನೆಯ ದಿನ ಅಳತೆಯ ಸಾಧನಗಳಿಗೆ ಮೀಸಲಾಗಿತ್ತು. ಜಾರ್ಜ್ ಮಿಲ್ಲರ್ 1990ರಲ್ಲಿ ಕೊಟ್ಟ ಪಿರಮಿಡ್ಡನ್ನು, ಅಂದರೆ ತಿಳಿದಿರುವುದು, ಹೇಗೆಂದು ತಿಳಿದಿರುವುದು, ಮಾಡಿ ತೋರಿಸುವುದು, ನಿತ್ಯದ ಕೆಲಸದಲ್ಲಿ ಮಾಡುವುದು ಎಂಬ ನಾಲ್ಕು ಮೆಟ್ಟಿಲುಗಳನ್ನು, ಕೈತೊಳೆಯುವ ಕ್ರಮದ ಉದಾಹರಣೆಯಿಂದ ವಿವರಿಸಿದ್ದು ಬಹಳ ಸ್ಪಷ್ಟವಾಗಿತ್ತು. ಪರೀಕ್ಷೆಯಲ್ಲಿ ಕೈತೊಳೆಯುವ ಹಂತಗಳನ್ನು ತಪ್ಪಿಲ್ಲದೆ ಬರೆದವಳು, ಪರೀಕ್ಷಕರ ಮುಂದೆ ಅಷ್ಟೇ ಚೆನ್ನಾಗಿ ಮಾಡಿ ತೋರಿಸಿದವಳು, ರಾತ್ರಿ ಪಾಳಿಯಲ್ಲಿ ಒಂದು ಹಾಸಿಗೆಯಿಂದ ಮತ್ತೊಂದಕ್ಕೆ ಹೋಗುವಾಗ ಕೈ ತೊಳೆಯುತ್ತಾಳೆಯೇ ಎಂಬುದನ್ನು ಆ ಎರಡು ಪರೀಕ್ಷೆಗಳೂ ಹೇಳಲಾರವು. ರೊನಾಲ್ಡ್ ಹಾರ್ಡನ್ ಮತ್ತು ಸಂಗಡಿಗರು 1975ರಲ್ಲಿ ಪ್ರಕಟಿಸಿದ, ನಾವೆಲ್ಲ ಓಸ್ಕಿ ಎಂದು ಕರೆಯುವ ಸ್ಟೇಷನ್ ಪರೀಕ್ಷೆಯ, ಅಂದರೆ ವಿದ್ಯಾರ್ಥಿಗಳು ಸರದಿಯಂತೆ ಒಂದೊಂದು ಮೇಜಿಗೆ ಹೋಗಿ ಅಲ್ಲಿ ಕೊಟ್ಟ ಕೆಲಸವನ್ನು ಮಾಡಿ ತೋರಿಸುವ ಪರೀಕ್ಷೆಯ, ಅಭ್ಯಾಸವೂ ಅದೇ ದಿನ ಆಯಿತು. ರಕ್ತದೊತ್ತಡ ಅಳೆಯುವ ಒಂದೇ ವಿಡಿಯೋವನ್ನು ನೋಡಿ ನಾವು ಇಬ್ಬಿಬ್ಬರಾಗಿ ಅಂಕ ಹಾಕಿದೆವು. ನಾನು ಮತ್ತು ನನ್ನ ಪಕ್ಕದಲ್ಲಿದ್ದ ಹಿರಿಯ ಅಧ್ಯಾಪಕಿ ಹತ್ತು ಅಂಶಗಳ ಚೆಕ್‌ಲಿಸ್ಟಿನಲ್ಲಿ ನಾಲ್ಕರಲ್ಲಿ ಬೇರೆ ಬೇರೆ ಗುರುತು ಹಾಕಿದ್ದೆವು. ಇಬ್ಬರು ಪರೀಕ್ಷಕರ ಒಮ್ಮತದಲ್ಲಿ ಆಕಸ್ಮಿಕದ ಪಾಲನ್ನು ಕಳೆದು ನೋಡುವ ಕೋಹೆನ್‌ನ ಕಪ್ಪಾ ಲೆಕ್ಕವನ್ನು ನಾನು ಅದಕ್ಕೂ ಮೊದಲು ಓದಿದ್ದೆ. ಆದರೆ ನನ್ನದೇ ಗುರುತುಗಳಿಂದ ಅದನ್ನು ಲೆಕ್ಕ ಹಾಕಿದಾಗಲೇ, ಇಷ್ಟು ವರ್ಷ ನಾನು ಕೊಟ್ಟ ಪ್ರಾಯೋಗಿಕ ಅಂಕಗಳ ಬಗ್ಗೆ ನಿಜವಾದ ಆತಂಕ ಹುಟ್ಟಿತು.

ತರಬೇತಿಯ ಕೊರತೆ ಎದ್ದು ಕಂಡದ್ದು ಇದೇ ಚೆಕ್‌ಲಿಸ್ಟಿನಲ್ಲಿ. ಅದರ ಏಳನೆಯ ಅಂಶ, ರೋಗಿಗೆ ಅರ್ಥವಾಗುವಂತೆ ವಿವರಿಸಿದಳು ಎಂಬುದು. ಯಾವ ಭಾಷೆಯಲ್ಲಿ ಎಂದು ನಾನು ಕೇಳಿದೆ. ಸಂಪನ್ಮೂಲ ವ್ಯಕ್ತಿಗಳು ಸೌಜನ್ಯದಿಂದಲೇ, ಅದನ್ನು ಆಯಾ ಸಂಸ್ಥೆ ನಿರ್ಧರಿಸಬೇಕು ಎಂದು ಹೇಳಿ ಮುಂದೆ ಹೋದರು. ಸಪ್ತಭಾಷೆಗಳ ನೆಲವೆಂದು ಹೆಸರಾದ ಈ ಜಿಲ್ಲೆಯಲ್ಲಿ ಆ ಪ್ರಶ್ನೆಯನ್ನು ಹಾಗೆ ದಾಟಿ ಹೋಗಲು ಬರುವುದಿಲ್ಲ. ನಮ್ಮ ವಿದ್ಯಾರ್ಥಿನಿಯರಲ್ಲಿ ಹೆಚ್ಚಿನವರು ಮಲಯಾಳದಲ್ಲಿ ಕಲಿತು ಬಂದವರು. ಬದಿಯಡ್ಕ, ಪೆರ್ಲ, ಮಂಜೇಶ್ವರದ ಕಡೆಯಿಂದ ಬರುವ ವಯಸ್ಸಾದ ರೋಗಿಗಳಲ್ಲಿ ಅನೇಕರು ಮಾತಾಡುವುದು ತುಳು, ಕನ್ನಡ, ಬ್ಯಾರಿ ಅಥವಾ ಕೊಂಕಣಿ. ಹಿಂದಿನ ವರ್ಷ ನಮ್ಮ ವಾರ್ಡಿನಲ್ಲಿ ವಿದ್ಯಾರ್ಥಿನಿಯೊಬ್ಬಳು ಒಬ್ಬ ಅಜ್ಜಿಯ ಹತ್ತಿರ ಮಲಯಾಳದಲ್ಲಿ ‘ವೇದನ ಉಂಡೋ?’ ಎಂದು ಕೇಳಿದಳು. ಅಜ್ಜಿ ‘ವೇದನೆ ಎಂತದ್ದೂ ಇಲ್ಲ ಮಗಳೇ, ಮಕ್ಕಳು ಚೆನ್ನಾಗಿ ನೋಡಿಕೊಳ್ಳುತ್ತಾರೆ’ ಎಂದರು. ಮಲಯಾಳದಲ್ಲಿ ಮೈನೋವಿಗೆ ಹೇಳುವ ಮಾತು ಆ ಅಜ್ಜಿಯ ಕನ್ನಡದಲ್ಲಿ ಮನಸ್ಸಿನ ಸಂಕಟ. ದಾಖಲೆಯಲ್ಲಿ ನೋವಿಲ್ಲ ಎಂದು ಬರೆದಾಯಿತು. ಸೊಂಟದ ನೋವಿನಿಂದ ಆಕೆ ರಾತ್ರಿಯಿಡೀ ನಿದ್ದೆ ಮಾಡಿರಲಿಲ್ಲ. ಆ ವಿದ್ಯಾರ್ಥಿನಿ ಕೇಳಬೇಕಾದ್ದನ್ನು ಕೇಳಿದ್ದಳು, ಉತ್ತರವನ್ನೂ ಪಡೆದಿದ್ದಳು, ಚೆಕ್‌ಲಿಸ್ಟಿನ ಪ್ರಕಾರ ಅವಳಿಗೆ ಪೂರ್ಣ ಅಂಕ.

ಇದು ಸಪ್ರಮಾಣತೆಯ ಪ್ರಶ್ನೆ, ಅಂದರೆ ನಾವು ಅಳೆಯಬೇಕೆಂದು ಹೊರಟದ್ದನ್ನೇ ನಮ್ಮ ಸಾಧನ ಅಳೆಯುತ್ತಿದೆಯೇ ಎಂಬ ಪ್ರಶ್ನೆ. ಎರಡನೆಯ ದಿನದ ಮಧ್ಯಾಹ್ನ ಇಡೀ ಇದರ ಬಗ್ಗೆ ಮಾತಾಡಿದವರು, ಇಂಗ್ಲಿಷಿನಲ್ಲಿ ರಚಿತವಾದ ಪ್ರಶ್ನಾವಳಿಯನ್ನು ಕನ್ನಡಕ್ಕೆ ತಂದು, ಮೂಲವನ್ನು ನೋಡದ ಇನ್ನೊಬ್ಬರಿಂದ ಮರಳಿ ಇಂಗ್ಲಿಷಿಗೆ ತರಿಸಿ, ಎರಡನ್ನೂ ಹೋಲಿಸಿ, ನಾಲ್ಕಾರು ಜನರ ಮೇಲೆ ಪ್ರಯೋಗಿಸಿ ನೋಡುವ ಕ್ರಮಕ್ಕೆ ಹತ್ತು ನಿಮಿಷವನ್ನೂ ಕೊಡಲಿಲ್ಲ. ಕಲಿಕೆಯ ವಾತಾವರಣವನ್ನು ಅಳೆಯುವ, 50 ಹೇಳಿಕೆಗಳ, ಒಟ್ಟು 200 ಅಂಕಗಳ ಡ್ರೀಮ್ ಪ್ರಶ್ನಾವಳಿಯನ್ನು ಇಂಗ್ಲಿಷಿನಲ್ಲೇ ಹಂಚಿದರು. ಅದರಲ್ಲಿ ಕೆಲವು ಹೇಳಿಕೆಗಳು ನಕಾರಾತ್ಮಕವಾಗಿದ್ದು, ಅವುಗಳ ಅಂಕವನ್ನು ತಿರುಗಿಸಿ ಎಣಿಸಬೇಕು. ಇಂಗ್ಲಿಷ್ ಅಷ್ಟಾಗಿ ಒಗ್ಗದ ವಿದ್ಯಾರ್ಥಿನಿ ಅವನ್ನು ತಪ್ಪಾಗಿ ಓದಿಕೊಂಡರೆ ಲೆಕ್ಕವೇ ಅಡಿಮೇಲಾಗುತ್ತದೆ. ಗಡಿನಾಡಿನಲ್ಲಿ ತರಬೇತಿ ಕೊಡಲು ಬರುವವರು ಈ ಒಂದು ಅಧಿವೇಶನವನ್ನಾದರೂ ಸೇರಿಸಲೇಬೇಕು. ಇದನ್ನು ನಾನು ವಿನಂತಿಯಾಗಿ ಅವರಿಗೂ ಬರೆದು ಕಳುಹಿಸಿದ್ದೇನೆ.

ಮೂರನೆಯ ದಿನದ ನೈತಿಕತೆಯ ಅಧಿವೇಶನ ಇಡೀ ತರಬೇತಿಯಲ್ಲೇ ಅತ್ಯುತ್ತಮವಾಗಿತ್ತು. ತನ್ನದೇ ತರಗತಿಯಲ್ಲಿ ಪ್ರಶ್ನಾವಳಿ ಹಂಚುವ ಅಧ್ಯಾಪಕಿಗೆ ವಿದ್ಯಾರ್ಥಿನಿ ಒಲ್ಲೆ ಎನ್ನಬಲ್ಲಳೇ ಎಂಬ ಒಂದೇ ಪ್ರಶ್ನೆಯ ಸುತ್ತ ಎರಡು ಗಂಟೆ ಚರ್ಚೆ ನಡೆಯಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಗಳು ಅಧಿಕಾರದ ಏಣಿಯಲ್ಲಿ ಕೆಳಗಿರುವ ವಿದ್ಯಾರ್ಥಿಗಳಿಗೆ ವಿಶೇಷ ರಕ್ಷಣೆ ಬೇಕೆಂದು ಹೇಳುವುದನ್ನು ಓದಿಸಿದರು. ಒಪ್ಪಿಗೆಯನ್ನು ಅಂಕ ಕೊಡದ ಬೇರೊಬ್ಬರು ಪಡೆಯುವುದು, ಹೆಸರಿಲ್ಲದ ಹಾಳೆಯನ್ನು ಪೆಟ್ಟಿಗೆಯಲ್ಲಿ ಹಾಕಿಸುವುದು, ಫಲಿತಾಂಶ ಪ್ರಕಟವಾದ ಮೇಲೆಯೇ ಆ ಹಾಳೆಗಳನ್ನು ತೆರೆಯುವುದು ಮುಂತಾದ ದಾರಿಗಳನ್ನೂ ಹೇಳಿಕೊಟ್ಟರು. ನಾನು ಅಲ್ಲಿ ಎಣ್ಮಕಜೆಯ ಮಾತು ಎತ್ತಿದೆ. 2000ದ ವರೆಗೂ ಗೇರು ತೋಟಗಳ ಮೇಲೆ ಆಕಾಶದಿಂದ ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸಿದ ಆ ಊರುಗಳ ಮನೆಗಳಿಗೆ ಕಾಗದ ಹಿಡಿದು ಹೋದ ತಂಡಗಳು ಎಷ್ಟೋ. ನಮ್ಮ ವಿದ್ಯಾರ್ಥಿಗಳನ್ನೂ ಸಮುದಾಯ ಶುಶ್ರೂಷೆಯ ಅಭ್ಯಾಸಕ್ಕೆಂದು ಕಳುಹಿಸುವಾಗ, ಮತ್ತೆ ಮತ್ತೆ ಉತ್ತರ ಕೊಟ್ಟು ದಣಿದ ಆ ತಾಯಂದಿರ ಒಪ್ಪಿಗೆಗೂ ಇದೇ ಎಚ್ಚರ ಬೇಕು. ಅಧಿವೇಶನ ನಡೆಸಿದ ಮೇಡಂ ತಮ್ಮ ಟಿಪ್ಪಣಿಯನ್ನು ಬದಿಗಿಟ್ಟು ಆ ಮಾತನ್ನೇ ಮುಂದುವರಿಸಿದ್ದನ್ನು ಕೃತಜ್ಞತೆಯಿಂದ ನೆನೆಯುತ್ತೇನೆ.

ಅಂಕಿಅಂಶದ ತಂತ್ರಾಂಶದ ಪಾಠ ಅವಸರದ್ದಾಗಿತ್ತು, ಲ್ಯಾಪ್‌ಟಾಪ್ ಇಲ್ಲದವರು ನೋಡುತ್ತ ಕುಳಿತರು. ಸಂದರ್ಶನಗಳನ್ನು ವಿಶ್ಲೇಷಿಸುವ ಗುಣಾತ್ಮಕ ವಿಧಾನಕ್ಕೆ ಒಂದೇ ಗಂಟೆ ಸಿಕ್ಕಿತು, ಅದು ಸಾಲದು. ತರಬೇತಿಯ ನಂತರ ಮೂರು ತಿಂಗಳ ಮಾರ್ಗದರ್ಶನ ಎಂದು ಕರಪತ್ರದಲ್ಲಿದ್ದರೂ, ನನ್ನ ಸಂಶೋಧನಾ ಪ್ರಸ್ತಾವಕ್ಕೆ ಉತ್ತರ ಬರಲು ಐದು ವಾರ ಹಿಡಿಯಿತು. ಬಂದ ಉತ್ತರ ಮಾತ್ರ ವಿವರವಾಗಿತ್ತು, ಅದರಿಂದ ನನ್ನ ಸಂಶೋಧನಾ ಪ್ರಶ್ನೆ ಅರ್ಧಕ್ಕಿಳಿದು ಮಾಡಲು ಸಾಧ್ಯವಾಗುವಷ್ಟಾಯಿತು. ಕೊನೆಯ ದಿನ ನಮ್ಮಿಂದ ತುಂಬಿಸಿಕೊಂಡ ಅಭಿಪ್ರಾಯಪತ್ರ ಅವರೇ ಕಲಿಸಿದ ಮೊದಲನೆಯ ಮಟ್ಟವನ್ನು ದಾಟಿರಲಿಲ್ಲ. ಆರು ತಿಂಗಳ ಬಳಿಕ ನಮ್ಮ ತರಗತಿಗಳಲ್ಲಿ ಏನು ಬದಲಾಯಿತು ಎಂದು ಅವರು ಕೇಳಬೇಕಿತ್ತು.

ಅಧ್ಯಾಪನಕ್ಕೆ ಬಂದು ಎರಡು ಮೂರು ವರ್ಷಗಳಾದರೂ ಆದವರು, ಕೈಯಲ್ಲಿ ತಮ್ಮದೇ ಒಂದು ಪ್ರಶ್ನೆ ಇರುವವರು ಹೋಗುವುದಾದರೆ ಈ ಶುಲ್ಕ ಹೆಚ್ಚೆನಿಸದು. ಹೋಗುವವರು ತಮ್ಮ ಕಾಲೇಜಿನ ಅಭಿಪ್ರಾಯಪತ್ರ, ಒಂದು ಚೆಕ್‌ಲಿಸ್ಟ್ ಮತ್ತು ಲ್ಯಾಪ್‌ಟಾಪ್ ಒಯ್ಯಬೇಕು. ನಮ್ಮ ಕಾಲೇಜಿನ ಚೆಕ್‌ಲಿಸ್ಟಿನಲ್ಲಿ ಈಗ ಏಳನೆಯ ಅಂಶದ ಮುಂದೆ, ರೋಗಿಯ ಭಾಷೆ ಯಾವುದು, ರೋಗಿ ತಿರುಗಿ ಏನೆಂದು ಹೇಳಿದರು ಎಂದು ಬರೆಯಲು ಎರಡು ಖಾಲಿ ಸಾಲುಗಳನ್ನು ಸೇರಿಸಿದ್ದೇವೆ.