ಮಂಡಿನೋವು, ಸೀಟಿನ ಎತ್ತರ ಮತ್ತು ನಾನು ನೋಡಿದ ಮೂರು ದಾರಿಗಳು

ಸೈಕಲ್ ಸವಾರಿ 40 ಕಿಲೋಮೀಟರ್ ದಾಟುತ್ತಿದ್ದಂತೆ ನನ್ನ ಬಲ ಮಂಡಿಯ ಮುಂಭಾಗದಲ್ಲಿ ನೋವು ಕಾಣಿಸಿಕೊಳ್ಳುತ್ತಿತ್ತು. ಅದನ್ನು ನಿವಾರಿಸಿಕೊಳ್ಳಲು ಮೂರು ವಿಧಾನಗಳನ್ನು ಒಂದಾದ ಮೇಲೊಂದು ಪರೀಕ್ಷಿಸಿದೆ.

ಮೊದಲನೆಯದು ಹಿಮ್ಮಡಿಯ ಅಳತೆ. ಪೆಡಲ್ ಪೂರ್ತಿ ಕೆಳಗಿದ್ದಾಗ ಅದರ ಮೇಲೆ ಹಿಮ್ಮಡಿ ಇಟ್ಟರೆ ಕಾಲು ನೇರವಾಗಬೇಕು. ಹೊಸ ಸೈಕಲ್ ತಂದ ದಿನಕ್ಕೆ ಇದು ಸಾಕು. ನನ್ನ ನೋವಿಗೆ ಸಾಲಲಿಲ್ಲ.

ಎರಡನೆಯದು ಅಮೆರಿಕದ ಸೈಕಲ್ ರೇಸ್ ಪಟು ಗ್ರೆಗ್ ಲೆಮಾಂಡ್ ಹೆಸರಿನಲ್ಲಿ ಪ್ರಚಾರಕ್ಕೆ ಬಂದ ಲೆಕ್ಕ. ಗೋಡೆಗೆ ಬೆನ್ನು ಕೊಟ್ಟು ಬರಿಗಾಲಲ್ಲಿ ನಿಂತು, ತೊಡೆಸಂದಿಗೆ ಪುಸ್ತಕವೊಂದನ್ನು ಒತ್ತಿ ಹಿಡಿದು ಅಳೆದಾಗ ನನ್ನ ಒಳಗಾಲಿನ ಉದ್ದ 80 ಸೆಂ.ಮೀ. ಬಂತು. ಅದನ್ನು 0.883ರಿಂದ ಗುಣಿಸಿದರೆ ಸುಮಾರು 70.6 ಸೆಂ.ಮೀ.; ಕ್ರ್ಯಾಂಕ್ (ಪೆಡಲ್ ಜೋಡಿಸಿದ ತೋಳು) ತಿರುಗುವ ಅಚ್ಚಿನ ನಡುವಿನಿಂದ ಸೀಟಿನ ಮೇಲ್ಭಾಗದವರೆಗೆ ಇಷ್ಟು ಇರಬೇಕು. ಹೀಗೆ ಸೀಟು ಒಂದೂವರೆ ಸೆಂ.ಮೀ. ಮೇಲೇರಿತು, ಮಂಡಿ ಅತಿಯಾಗಿ ಮಡಚುವುದು ತಪ್ಪಿ ನೋವು ಅರ್ಧಕ್ಕರ್ಧ ಇಳಿಯಿತು. ಆದರೆ ಪೆಡಲ್ ಕೆಳಗಿಳಿದಾಗಲೆಲ್ಲ ಸೊಂಟ ಅತ್ತಿತ್ತ ವಾಲತೊಡಗಿತು, ಕೈಯ ಕಿರುಬೆರಳುಗಳು ಜೋಮು ಹಿಡಿದವು. ಶೂವಿನ ಅಡಿಯ ದಪ್ಪವಾಗಲಿ, ತೊಡೆಯ ಹಿಂಬದಿಯ ಸ್ನಾಯುಗಳ ಬಿಗಿತವಾಗಲಿ ಈ ಲೆಕ್ಕಕ್ಕೆ ಸಿಗುವುದಿಲ್ಲ.

ಮೂರನೆಯದು ವೃತ್ತಿಪರ ಫಿಟ್ಟಿಂಗ್, ಅಂದರೆ ಸವಾರನ ದೇಹಕ್ಕೆ ತಕ್ಕಂತೆ ಸೈಕಲ್ಲನ್ನು ತಜ್ಞರಿಂದ ಹೊಂದಿಸಿಕೊಳ್ಳುವುದು; ಎರಡು ಗಂಟೆಗೂ ಮೀರಿದ ಕೆಲಸ. ಫಿಟ್ಟರ್ ಮೊದಲು ನನ್ನನ್ನು ಮಲಗಿಸಿ ಕಾಲು ಎಷ್ಟು ಮೇಲೇಳುತ್ತದೆಂದು ನೋಡಿ, ಹಳೆಯ ಪೆಟ್ಟುಗಳ ಬಗ್ಗೆ ವಿಚಾರಿಸಿದ ಮೇಲಷ್ಟೇ ಸೈಕಲ್ಲನ್ನು ಟ್ರೈನರ್‌ಗೆ (ನಿಂತಲ್ಲೇ ತುಳಿಯಲು ಬಳಸುವ ಸ್ಟ್ಯಾಂಡ್) ಏರಿಸಿದರು. ಸೊಂಟ, ಮಂಡಿ, ಕಣಕಾಲುಗಳಿಗೆ ಚುಕ್ಕೆಗಳನ್ನು ಅಂಟಿಸಿ, ನಾನು ದಣಿಯುವವರೆಗೆ ತುಳಿಸಿ ವಿಡಿಯೊ ತೆಗೆದರು. ನಿಧಾನಗತಿಯಲ್ಲಿ ನೋಡಿದಾಗ ಬಲ ಮಂಡಿಯ ಚುಕ್ಕೆ ಪ್ರತಿ ತುಳಿತಕ್ಕೂ ಫ್ರೇಮಿನ ಕಡೆಗೆ ಬಾಗುತ್ತಿತ್ತು. ಎಡಗಡೆಯದು ನೇರವಾಗಿ ಮೇಲೆ ಕೆಳಗೆ ಓಡಾಡುತ್ತಿತ್ತು. ಯಾವ ಸೂತ್ರವೂ ಹೇಳದಿದ್ದ ಸಂಗತಿ ಇದು. ಬಲ ಶೂವನ್ನು ಪೆಡಲ್‌ಗೆ ಸಿಕ್ಕಿಸುವ ಕ್ಲೀಟನ್ನು ತುಸು ತಿರುಗಿಸಿ ಹಿಂದಕ್ಕೆ ಸರಿಸಿದರು, ಸೀಟನ್ನು 6 ಮಿ.ಮೀ. ಇಳಿಸಿದರು, ಕೈಗಳ ಮೇಲಿನ ಭಾರ ತಗ್ಗಲೆಂದು ಒಂದು ಸೆಂ.ಮೀ. ಗಿಡ್ಡದಾದ ಸ್ಟೆಮ್ (ಹ್ಯಾಂಡಲನ್ನು ಹಿಡಿದಿಡುವ ತುಂಡು) ಹಾಕಿದರು. ಮತ್ತೆ ವಿಡಿಯೊ ತೆಗೆದಾಗ ಆ ಚುಕ್ಕೆ ಬಹುಮಟ್ಟಿಗೆ ನೇರವಾಗಿತ್ತು.

ಬೆರಳುಗಳ ಜೋಮು ಮೊದಲ ವಾರದಲ್ಲೇ ಹೋಯಿತು. ಮಂಡಿನೋವು ಹೋಗಲು ತಿಂಗಳು ಹಿಡಿಯಿತು. ಆ ಅವಧಿಯಲ್ಲಿ, ಅವರು ಹೇಳಿದಂತೆ, ದೂರದ ಸವಾರಿಗಳನ್ನು ಬಿಟ್ಟಿದ್ದೆ.

ನೋವಿಲ್ಲದೆ ಸಣ್ಣ ದೂರ ಓಡಾಡುವವರಿಗೆ ಒಳಗಾಲಿನ ಲೆಕ್ಕವೇ ಧಾರಾಳವಾಯಿತು. ನೋವು ಒಂದೇ ಕಾಲಿನಲ್ಲಿದ್ದರೆ ಮಾತ್ರ ಸೀಟನ್ನು ಏರಿಸಿ ಇಳಿಸಿ ತಿಂಗಳುಗಟ್ಟಲೆ ಕಳೆಯದೆ ನೇರವಾಗಿ ಫಿಟ್ಟರ್ ಬಳಿಗೆ ಹೋಗಬೇಕು. ಮಂಡಿ ಊದಿದ್ದರೆ ಅದಕ್ಕೂ ಮೊದಲು ವೈದ್ಯರ ಬಳಿಗೆ.