ಕಾಳಿಯೋ, ಕಡಲೋ, ಕೊಳವೋ: ಕಾರವಾರದ ಸಮುದ್ರ ಈಜಿಗೆ ಎಲ್ಲಿ ಅಭ್ಯಾಸ ಮಾಡಬೇಕು?

ಕಾರವಾರದಲ್ಲಿ ಮಾಸ್ಟರ್ಸ್ ಸಮುದ್ರ ಈಜು ಸ್ಪರ್ಧೆಗೆ ಹೆಸರು ಕೊಟ್ಟಿದ್ದೇನೆ ಎಂದಾಗ ಬೆಂಗಳೂರಿನಲ್ಲಿ ನನ್ನ ಜೊತೆ ಈಜುವವರೆಲ್ಲ ಕೇಳಿದ್ದು ಒಂದೇ ಪ್ರಶ್ನೆ: ಕೊಳದಲ್ಲಿ ಇಷ್ಟು ಈಜುತ್ತೀರಲ್ಲ, ಸಾಲದೇ? ಸಾಲದು. ನಾನು ಹುಟ್ಟಿ ಬೆಳೆದದ್ದು ಕಾರವಾರದ ಕೋಡಿಬಾಗದಲ್ಲಿ, ಈಜು ಕಲಿತದ್ದು ಕಾಳಿ ನದಿಯಲ್ಲಿ. ಆದರೂ ಊರು ಬಿಟ್ಟು ಕಾಲು ಶತಮಾನ ಕಳೆದ ಮೈಗೆ ಆ ನೀರಿನ ಪರಿಚಯ ಹೊಸದಾಗಿಯೇ ಆಗಬೇಕು. ಅದಕ್ಕೇ ಸ್ಪರ್ಧೆಗೆ ಸಾಕಷ್ಟು ಮೊದಲೇ ತವರಿಗೆ ಬಂದು, ಅಣ್ಣನ ಮನೆಯಲ್ಲಿ ಉಳಿದು, ಕಾಳಿಯ ಅಳಿವೆ, ಟಾಗೋರ್ ಕಡಲತೀರ, ಮಾಜಾಳಿ ಮೂರರಲ್ಲೂ ಈಜಿ ನೋಡಿದೆ. ಮುಂದೆ ಇಲ್ಲಿಗೆ ಸ್ಪರ್ಧೆಗೆ ಬರುವವರಿಗೆ ಉಪಯೋಗವಾಗಲಿ ಎಂದು ಬರೆಯುತ್ತಿದ್ದೇನೆ.

ಮಾಸ್ಟರ್ಸ್ ಎಂದರೆ ಹಳೆಯ ಚಾಂಪಿಯನ್ನರ ಕೂಟ ಎಂದು ಹಲವರು ಹಿಂಜರಿಯುತ್ತಾರೆ. ಹಾಗೇನಿಲ್ಲ. 25 ವರ್ಷ ತುಂಬಿದ ಯಾರು ಬೇಕಾದರೂ ಸೇರಬಹುದು. ಐದೈದು ವರ್ಷಕ್ಕೆ ಒಂದು ಗುಂಪು, ಆಯಾ ವರ್ಷದ ಡಿಸೆಂಬರ್ 31ಕ್ಕೆ ಎಷ್ಟು ವಯಸ್ಸೋ ಅದೇ ಲೆಕ್ಕ. ಐವತ್ತು ದಾಟಿದವರು ಮೂವತ್ತರವರೊಡನೆ ಪೈಪೋಟಿ ನಡೆಸಬೇಕಾಗಿಲ್ಲ. ನಾನು ಆರಿಸಿಕೊಂಡಿದ್ದು 3 ಕಿಲೋಮೀಟರ್.

ಕೊಳದಿಂದಲೇ ಶುರು ಮಾಡುತ್ತೇನೆ, ಏಕೆಂದರೆ ನಮ್ಮಲ್ಲಿ ಹೆಚ್ಚಿನವರಿಗೆ ವರ್ಷವಿಡೀ ಸಿಗುವುದು ಅದೊಂದೇ. ಬಸವನಗುಡಿಯ 50 ಮೀಟರ್ ಕೊಳದಲ್ಲಿ 3 ಕಿಲೋಮೀಟರ್ ಎಂದರೆ 60 ಸುತ್ತು, 59 ತಿರುವು. ಪ್ರತಿ ತಿರುವಿನಲ್ಲೂ ಗೋಡೆಯನ್ನು ಒದ್ದು ನಾಲ್ಕೈದು ಮೀಟರ್ ಕೈ ಆಡಿಸದೆಯೇ ಸಾಗುತ್ತೇವೆ. ಒಟ್ಟು ಸೇರಿಸಿದರೆ ಸುಮಾರು 250 ಮೀಟರ್ ಗೋಡೆಯ ಕೊಡುಗೆ. ತಳದಲ್ಲಿ ಕಪ್ಪು ಗೆರೆ ಇರುತ್ತದೆ, ದಿಕ್ಕಿನ ಚಿಂತೆಯಿಲ್ಲ. ಕಡಲಿನಲ್ಲಿ ಗೋಡೆಯೂ ಇಲ್ಲ, ಗೆರೆಯೂ ಇಲ್ಲ. ಆದರೆ ವೇಗವನ್ನು ಅಳೆಯಲು ಕೊಳಕ್ಕೆ ಸಾಟಿಯಾದದ್ದು ಇನ್ನೊಂದಿಲ್ಲ. ಸೆಳೆತವಿರುವ ನೀರಿನಲ್ಲಿ ಕೈಗಡಿಯಾರ ತೋರಿಸುವ ಸಮಯ ನಮ್ಮದೆಷ್ಟು, ನೀರಿನದೆಷ್ಟು ಎಂದು ಹೇಳಲಾಗದು. ಊರಿಗೆ ಹೊರಡುವ ತನಕದ ತಿಂಗಳುಗಳ ದುಡಿಮೆ ಕೊಳದಲ್ಲಿಯೇ ಆಗಬೇಕು. ಅದರಲ್ಲಿ ನನಗೆ ಅನುಮಾನವಿಲ್ಲ.

ಇನ್ನು ಕಾಳಿ. ಮನಸ್ಸು ಎಳೆಯುವುದು ಇಲ್ಲಿಗೇ. ಕೋಡಿಬಾಗದ ದಂಡೆಯಲ್ಲಿ ನಿಂತರೆ ಎದುರಿಗೆ ಸದಾಶಿವಗಡದ ಗುಡ್ಡ, ಎಡಕ್ಕೆ ನದಿ ಕಡಲು ಸೇರುವ ಬಾಯಿ, ಅದರಾಚೆ ದೇವಬಾಗದ ಗಾಳಿಮರಗಳು. ನೀರು ಮೇಲುನೋಟಕ್ಕೆ ಕೆರೆಯಷ್ಟು ಶಾಂತ. ಆದರೆ ಒಳಗೆ ಉಬ್ಬರವಿಳಿತದ ಆಟ ನಿರಂತರ. ಇಳಿತ ಶುರುವಾದ ಮೇಲೆ ಇಡೀ ಹಿನ್ನೀರು ಬಾಯಿಯ ಕಡೆ ಹೊರಡುತ್ತದೆ. ಅದರೆದುರು ಎಷ್ಟು ಕೈ ಬೀಸಿದರೂ ದಂಡೆಯ ತೆಂಗಿನ ಮರ ಕದಲುವುದೇ ಇಲ್ಲ.

ಹೊರಡುವ ಮುನ್ನ ಅಣ್ಣ ಕೇಳುತ್ತಿದ್ದುದು ಹವಾಮಾನವನ್ನಲ್ಲ, ತಿಥಿಯನ್ನು. "ತಂಗಿ, ಇವತ್ತು ನವಮಿ. ಬೆಳಿಗ್ಗೆ ಹೋಗು, ನೀರು ನಿಂತಿರುತ್ತದೆ. ಅಮಾವಾಸ್ಯೆ ಹತ್ತಿರವಾದರೆ ಕಾಳಿಯ ಕಡೆ ತಲೆ ಹಾಕಬೇಡ." ಅವನ ಲೆಕ್ಕ ಸರಿಯಾದದ್ದು. ಹುಣ್ಣಿಮೆ, ಅಮಾವಾಸ್ಯೆಗೆ ನಮ್ಮ ಕರಾವಳಿಯಲ್ಲಿ ಉಬ್ಬರದ ತುದಿ ಹೆಚ್ಚು ಕಡಿಮೆ ಮಧ್ಯಾಹ್ನದ ಹೊತ್ತಿಗೆ ಬರುತ್ತದೆ. ಆಗ ನೀರಿನ ಏರಿಳಿತವೂ ದೊಡ್ಡದು, ಸೆಳೆತವೂ ಜೋರು. ದಿನಕ್ಕೆ ಸುಮಾರು 50 ನಿಮಿಷದಂತೆ ಸಮಯ ಮುಂದೆ ಸರಿಯುತ್ತ ಹೋಗಿ, ಅಷ್ಟಮಿಯಿಂದ ದಶಮಿಯ ಆಸುಪಾಸಿನಲ್ಲಿ ಉಬ್ಬರ ನಸುಕಿಗೆ ಅಥವಾ ಬೆಳಿಗ್ಗೆಗೆ ತುಂಬುತ್ತದೆ. ಏರಿಳಿತವೂ ಚಿಕ್ಕದಾಗಿರುತ್ತದೆ. ಆ ದಿನಗಳಲ್ಲಿ ಉಬ್ಬರ ತುಂಬಿ ನಿಲ್ಲುವ ಸ್ವಲ್ಪ ಹೊತ್ತು ಕಾಳಿ ಈಜುಗಾರರ ಸ್ವರ್ಗ.

ಆದರೂ ಸ್ಪರ್ಧೆಯ ತಯಾರಿಗೆ ಅದನ್ನು ಮೊದಲ ಸ್ಥಾನದಲ್ಲಿ ಇಡಲಾರೆ. ಸಮುದ್ರದ ನೀರು ಸಿಹಿನೀರಿಗಿಂತ ನೂರಕ್ಕೆ ಎರಡೂವರೆಯಷ್ಟು ಹೆಚ್ಚು ಸಾಂದ್ರ. ಅದರಲ್ಲಿ ಕಾಲು ತಾನಾಗಿ ತೇಲುತ್ತದೆ. ಅಳಿವೆಯಲ್ಲಿ ಉಪ್ಪಿನ ಅಂಶ ಹೊತ್ತಿಗೊಂದು ಬಗೆ. ಇಳಿತದಲ್ಲಿ ನದಿಯ ನೀರು ಮೇಲುಗೈ ಪಡೆದಾಗ ಸೊಂಟ ಕೆಳಗೆ ಜಾರುವುದು ಮೈಗೇ ಗೊತ್ತಾಗುತ್ತದೆ. ಕಲ್ಲುಗಳ ಮೇಲಿನ ಚಿಪ್ಪಿಗಳು ಬ್ಲೇಡಿನಷ್ಟು ಹರಿತ, ಬರಿಗಾಲಲ್ಲಿ ಇಳಿಯಲೇಬಾರದು. ಸೇತುವೆಯಿಂದಂತೂ ದೂರವಿರಿ. ಕಂಬಗಳ ಸುತ್ತ ನೀರು ಸುಳಿಯುತ್ತದೆ. 2024ರ ಆಗಸ್ಟ್ 7ರ ನಡುರಾತ್ರಿ ಹಳೆಯ ಸೇತುವೆ ಕುಸಿದಾಗ ಲಾರಿಯೊಂದು ನದಿಗೆ ಬಿದ್ದಿತ್ತು. ಅದರ ಚಾಲಕನನ್ನು ಉಳಿಸಿ ತರಲು ನಮ್ಮ ಮೀನುಗಾರರು ಆ ಕತ್ತಲಲ್ಲಿ ದೋಣಿ ಇಳಿಸಿದ್ದನ್ನು ನೆನೆದರೆ ಈಗಲೂ ಎದೆ ತುಂಬಿ ಬರುತ್ತದೆ.

ಟಾಗೋರ್ ಕಡಲತೀರ ಊರಿನ ಮಧ್ಯದಲ್ಲೇ ಇದೆ, ಜನಸಂಚಾರವೂ ಹೆಚ್ಚು. ಅಭ್ಯಾಸಕ್ಕೆ ನನ್ನ ಮೊದಲ ಆಯ್ಕೆ ಇದೇ. ದಕ್ಷಿಣದಲ್ಲಿ ಬೈತಖೋಲ್ ಗುಡ್ಡ ಕಡಲೊಳಗೆ ಚಾಚಿಕೊಂಡಿರುವುದರಿಂದ ಕೊಲ್ಲಿಯೊಳಗಿನ ಅಲೆಗಳ ರಭಸ ತಗ್ಗುತ್ತದೆ. ಜನವರಿಯ ಮುಂಜಾನೆ ಮೂಡಗಾಳಿ ಬೀಸುವಾಗ ನೀರಿನ ಮೇಲ್ಮೈ ಇಸ್ತ್ರಿ ಹಾಕಿದಂತಿರುತ್ತದೆ. ಮಧ್ಯಾಹ್ನದ ನಂತರ ಬಡಗು-ಪಡುವಣದ ಗಾಳಿ ಎದ್ದು ಇದೇ ಕೊಲ್ಲಿ ಕದಡಿ ಹೋಗುತ್ತದೆ. ಬೆಳಿಗ್ಗೆಯ ಗಾಳಿ ನೆಲದಿಂದ ಕಡಲಿಗೆ ಬೀಸುವುದರಿಂದ ಸುಮ್ಮನೆ ತೇಲುತ್ತಿದ್ದರೂ ಮೆಲ್ಲನೆ ಹೊರಕ್ಕೆ ತಳ್ಳುತ್ತಿರುತ್ತದೆ ಎಂಬುದು ನೆನಪಿರಲಿ.

ಇಲ್ಲಿ ಈಜುವಾಗ ಕಣ್ಣಿಗೆ ಸಿಗುವ ಗುರುತುಗಳು ಬೇರೆಲ್ಲೂ ಇಷ್ಟು ಚೆನ್ನಾಗಿಲ್ಲ. ಉತ್ತರಕ್ಕೆ ಹೊರಟರೆ ಸದಾಶಿವಗಡ, ಹಿಂತಿರುಗುವಾಗ ಬೈತಖೋಲ್ ಗುಡ್ಡ, ಪಶ್ಚಿಮಕ್ಕೆ ಕೂರ್ಮಗಡ, ದೂರದಲ್ಲಿ ದೇವಗಡದ ದೀಪಸ್ತಂಭ. ಏಳೆಂಟು ಬೀಸಿಗೊಮ್ಮೆ ಕಣ್ಣು ಮಾತ್ರ ನೀರಿನಿಂದ ಮೇಲೆತ್ತಿ, ಗುರುತು ನೋಡಿ, ಮತ್ತೆ ಮುಖ ಇಳಿಸಬೇಕು. ತಲೆ ಪೂರ್ತಿ ಎತ್ತಿದರೆ ಕಾಲು ಮುಳುಗುತ್ತದೆ. ಕೊಳದಲ್ಲಿ ಯಾರೂ ಕಲಿಸದ ಈ ಕೆಲಸವೇ ಇಲ್ಲಿ ಮುಖ್ಯ. ಉತ್ತರಕ್ಕೆ ಸಾಗುವಾಗ ಬಲಗಡೆ ಉಸಿರೆಳೆದರೆ ಗುಡ್ಡದ ಮೇಲೆ ಏರಿದ ಸೂರ್ಯ ನೇರ ಕಣ್ಣಿಗೆ ಹೊಡೆಯುತ್ತಾನೆ. ಬಲಕ್ಕೆ ಮಾತ್ರ ಉಸಿರಾಡಿ ರೂಢಿಯಿರುವವರು ಎರಡೂ ಕಡೆ ಕಲಿತು ಬನ್ನಿ, ಬಣ್ಣದ ಗಾಜಿನ ಕನ್ನಡಕವನ್ನೂ ತನ್ನಿ. ಕುತ್ತಿಗೆಗೆ ಮತ್ತು ಕಂಕುಳಿಗೆ ವ್ಯಾಸಲೀನ್ ಹಚ್ಚದಿದ್ದರೆ ಉಪ್ಪುನೀರಿನ ಉಜ್ಜುವಿಕೆಗೆ ಚರ್ಮ ಸುಲಿದು ಹೋಗುತ್ತದೆ. ಬೈತಖೋಲ್ ಬಂದರಿನ ಕಡೆಗೆ ಮಾತ್ರ ಹೋಗಬೇಡಿ. ಬೆಳಿಗ್ಗೆ ಮೀನುಗಾರಿಕೆ ದೋಣಿಗಳು ಬರುವ ದಾರಿ ಅದು, ನೀರಿನ ಮಟ್ಟದಲ್ಲಿರುವ ನಮ್ಮ ತಲೆ ಅವರಿಗೆ ಕಾಣುವುದಿಲ್ಲ.

ಮಾಜಾಳಿ ಗೋವಾ ಗಡಿಯ ಹತ್ತಿರದ ಮೀನುಗಾರರ ಊರು. ಕಡಲು ಇಲ್ಲಿ ಹೆಚ್ಚು ತೆರೆದದ್ದು, ಅಲೆ ದಂಡೆಗೆ ಹತ್ತಿರದಲ್ಲೇ ಒಡೆಯುತ್ತದೆ. ಅಲೆಯ ಕೆಳಗೆ ನುಗ್ಗಿ ಹೊರಬೀಳುವುದನ್ನು, ದಂಡೆಗೆ ಬರುವಾಗ ಹಿಂದಿನಿಂದ ಬರುವ ಅಲೆಯನ್ನು ಬಳಸಿಕೊಳ್ಳುವುದನ್ನು ಕಲಿಯಲು ಇದೇ ಸರಿಯಾದ ಜಾಗ. ದೂರದ ಈಜಿಗೆ ಅಲ್ಲ. ಜನ ಕಡಿಮೆ, ಏನಾದರೂ ಆದರೆ ನೋಡುವವರಿಲ್ಲ. ಮೀನುಗಾರರು ದಂಡೆಯಿಂದ ಎಳೆಯುವ ದೊಡ್ಡ ರಂಪಣಿ ಬಲೆ ಬಿಟ್ಟಿರುವಾಗ ನೀರಿಗೆ ಇಳಿಯುವ ಮಾತೇ ಬೇಡ, ಅದು ಅವರ ದಿನದ ಅನ್ನ. ಅಣ್ಣನ ಮಗ ಪಾತಿ ದೋಣಿಯಲ್ಲಿ ಜೊತೆಗೆ ಬರುತ್ತಿದ್ದುದರಿಂದ ಮಾತ್ರ ನಾನು ಇಲ್ಲಿ ಧೈರ್ಯ ಮಾಡಿದೆ.

ಚಿಕ್ಕವಳಿದ್ದಾಗ ಅರ್ಗಾದ ಕಡಲಿಗೂ ಹೋಗುತ್ತಿದ್ದೆವು. ಆ ದಂಡೆ ಈಗ ನೌಕಾನೆಲೆಯ ಬೇಲಿಯೊಳಗಿದೆ. ನೆಲೆಗಾಗಿ ಊರನ್ನೇ ಬಿಟ್ಟುಕೊಟ್ಟ ಕುಟುಂಬಗಳ ಎದುರು ನನ್ನ ಈಜಿನ ಬೇಸರ ದೊಡ್ಡದಲ್ಲ, ಆದರೆ ಬೇಸರ ಇದೆ. ಗೋಕರ್ಣದ ಓಂ ಬೀಚನ್ನು ಕೆಲವರು ಸೂಚಿಸಿದ್ದರು. ಬಂಡೆಗಳ ನಡುವೆ ಅಭ್ಯಾಸ ಬೇಡ.

ಸ್ಪರ್ಧೆಯ ದಿನ ಯಾವುದು ಕೈ ಹಿಡಿಯಿತು ಎಂದರೆ, ಮೊದಲ ಅರ್ಧದಲ್ಲಿ ಕೊಳ, ಉಳಿದ ಅರ್ಧದಲ್ಲಿ ಟಾಗೋರ್ ತೀರದ ಬೆಳಗುಗಳು. ಆರಂಭದ ನೂಕುನುಗ್ಗಲಿನಲ್ಲಿ ಉಸಿರು ಹದ ತಪ್ಪದಿರಲು ಮಾಜಾಳಿಯ ಅಲೆಗಳು ಕಲಿಸಿದ್ದು ಕೆಲಸಕ್ಕೆ ಬಂತು. ತೇಲುವ ಗುರುತನ್ನು ಸುತ್ತಿ ತಿರುಗಿದ ಮೇಲೆ ಕೆಲವರು ಗಾಳಿಯ ಜೊತೆ ಹೊರಕ್ಕೆ ಸರಿದು ಹೆಚ್ಚು ದೂರ ಈಜಬೇಕಾಯಿತು. ನಾನು ಬೈತಖೋಲ್ ಗುಡ್ಡದ ತುದಿಯನ್ನು ಬಿಡದೆ ಹಿಡಿದುಕೊಂಡು ಬಂದೆ. ಕಾಳಿಯಲ್ಲಿ ಕಳೆದ ಹೊತ್ತು ಸಮಯಪಟ್ಟಿಯಲ್ಲಿ ಎಲ್ಲೂ ಕಾಣಲಿಲ್ಲ. ಅದನ್ನು ಬಿಡಬೇಕಿತ್ತು ಎಂದು ಮಾತ್ರ ಅನ್ನಿಸಿಲ್ಲ.

ಬೆಂಗಳೂರಿನಿಂದ ಬರುವವರು ರಾತ್ರಿಯ ಪಂಚಗಂಗಾ ಎಕ್ಸ್‌ಪ್ರೆಸ್ ಹಿಡಿಯಿರಿ. ಘಟ್ಟದ ರಸ್ತೆಯಲ್ಲಿ ಬಸ್ಸಿನ ಸೀಟಿಗೆ ಅಂಟಿಕೊಂಡು ಬಂದ ಬೆನ್ನಿಗಿಂತ ಮಲಗಿ ಬಂದ ಬೆನ್ನು ಮರುದಿನ ಚೆನ್ನಾಗಿ ಈಜುತ್ತದೆ. ನಿಲ್ದಾಣ ಶಿರವಾಡದಲ್ಲಿದೆ, ಅಲ್ಲಿಂದ ಊರೊಳಗೆ ಆಟೋ ಬೇಕು. ಸ್ಪರ್ಧೆಗೆ ಎರಡೇ ದಿನ ಮೊದಲು ಬರಲು ಸಾಧ್ಯವಾದರೆ ಕಾಳಿ, ಮಾಜಾಳಿ ಎರಡನ್ನೂ ಬಿಟ್ಟು, ಎರಡೂ ಬೆಳಿಗ್ಗೆ ಟಾಗೋರ್ ತೀರದಲ್ಲಿ ಜೊತೆಗೊಬ್ಬರನ್ನು ಇಟ್ಟುಕೊಂಡು ನೀರಿಗಿಳಿಯಿರಿ: ಮೊದಲ ದಿನ ಉತ್ತರಕ್ಕೆ ಅರ್ಧ ತಾಸು ಈಜಿ ಹಿಂತಿರುಗಿ, ಎರಡನೆಯ ದಿನ ಹತ್ತು ನಿಮಿಷ ಮಾತ್ರ ಈಜಿ ಗುರುತುಗಳನ್ನು ನೋಡಿಕೊಂಡು ಹೊರಬನ್ನಿ.