ಘಾಟಿ ರಸ್ತೆಗೆ ಮ್ಯಾನ್ಯುಯಲ್, ಎಎಂಟಿ, ಟಾರ್ಕ್ ಕನ್ವರ್ಟರ್: ಮೂರನ್ನೂ ಓಡಿಸಿ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ವೋಟು ಟಾರ್ಕ್ ಕನ್ವರ್ಟರ್ ಇರುವ ಆಟೋಮ್ಯಾಟಿಕ್‌ಗೆ. ಮನೆಮಂದಿಯನ್ನೆಲ್ಲ ಕೂರಿಸಿಕೊಂಡು, ಆತುರ ಇಲ್ಲದೆ, ಬೆಟ್ಟ ನೋಡುತ್ತಾ ಹೋಗುವವರಿಗೆ ಮಾತ್ರ ಈ ಮಾತು. ಒಂದೇ ಘಾಟಿಯನ್ನು ನಾವು ಮೂರು ಕಾರುಗಳಲ್ಲಿ ಹತ್ತಿದ್ದೇವೆ: ಹಳೆಯ ಮ್ಯಾನ್ಯುಯಲ್, ಆಮೇಲೆ ಕೊಂಡ ಎಎಂಟಿ (ಆಟೋಮೇಟೆಡ್ ಮ್ಯಾನ್ಯುಯಲ್), ಈಗ ಇರುವ ಟಾರ್ಕ್ ಕನ್ವರ್ಟರ್. ಪಕ್ಕದಲ್ಲಿ ಹೆಂಡತಿ, ಹಿಂದೆ ಅಮ್ಮ ಮತ್ತು ಏಳು ವರ್ಷದ ಮಗಳು.

ಎಎಂಟಿ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು, ಏಕೆಂದರೆ ದುಡ್ಡು ಉಳಿಯಿತು ಅಂತ ಖುಷಿಯಿಂದ ಕೊಂಡಿದ್ದೆ. ಒಳಗೆ ಇರುವುದು ಅದೇ ಮ್ಯಾನ್ಯುಯಲ್ ಗೇರ್‌ಬಾಕ್ಸ್. ಕ್ಲಚ್ ಒತ್ತುವುದು, ಗೇರು ಹಾಕುವುದು ಮಾತ್ರ ಕಂಪ್ಯೂಟರ್ ಕೆಲಸ. ಗೇರು ಬದಲಾಗುವಷ್ಟು ಹೊತ್ತು ಗಾಡಿಗೆ ಎಳೆತ ಇರುವುದಿಲ್ಲ. ಸಪಾಟು ರಸ್ತೆಯಲ್ಲಿ ಇದು ಅಷ್ಟಾಗಿ ಗೊತ್ತಾಗುವುದಿಲ್ಲ. ಹೇರ್‌ಪಿನ್ ತಿರುವಿನಲ್ಲಿ ಗೊತ್ತಾಗುತ್ತದೆ! ತಿರುಗುವಾಗ ಆಕ್ಸಿಲರೇಟರ್ ಮೇಲಿನ ಕಾಲು ಒಂಚೂರು ಸಡಿಲಿಸಿದರೆ ಸಾಕು, ಎರಡನೇ ಗೇರಿನಿಂದ ಮೂರಕ್ಕೆ ಹೋಗುತ್ತದೆ, ತಿರುವು ಮುಗಿಯುವಷ್ಟರಲ್ಲಿ ಎಂಜಿನ್ ತಿಣುಕುತ್ತದೆ, ಮತ್ತೆ ಎರಡಕ್ಕೆ ಇಳಿಯುತ್ತದೆ. ಎರಡು ಸಲವೂ ಎಲ್ಲರ ತಲೆ ಮುಂದಕ್ಕೆ ವಾಲುತ್ತದೆ. ಪ್ರತಿ ತಿರುವಿನಲ್ಲೂ ಹೀಗೇ.

ಮಗಳು ಬಣ್ಣ ತುಂಬುವ ಪುಸ್ತಕ ಹಿಡಿದಿದ್ದಳು. ಮೊದಲು ಅವಳ ಮಾತು ನಿಂತಿತು, ಆಮೇಲೆ ತುಟಿ ಬಿಳಿಚಿತು, ಪೆನ್ಸಿಲ್ ಕೆಳಗೆ ಬಿತ್ತು, ಆಮೇಲೆ ಅಜ್ಜಿಯ ಮಡಿಲಲ್ಲೇ ವಾಂತಿ. ಒಳಕಿವಿಗೆ ಗಾಡಿ ತಿರುಗುವುದು ಗೊತ್ತಾಗುತ್ತದೆ, ಕಣ್ಣಿಗೆ ಕಾಣುವುದು ಅಲ್ಲಾಡದ ಪುಟ. ಎರಡೂ ತಾಳೆಯಾಗದೆ ಹೊಟ್ಟೆ ತೊಳೆಸುತ್ತದೆ, 2ರಿಂದ 12 ವರ್ಷದ ಮಕ್ಕಳಿಗೆ ಇದು ಜಾಸ್ತಿ. ಪುಸ್ತಕದ ತಪ್ಪೂ ಇತ್ತು ಅನ್ನಿ. ಆದರೆ ಮ್ಯಾನ್ಯುಯಲ್ ಕಾರಿನಲ್ಲೂ ಅವಳು ಪುಸ್ತಕ ಹಿಡಿದೇ ಕೂತಿದ್ದಳು, ಏನೂ ಆಗಿರಲಿಲ್ಲ.

ಇನ್ನೊಂದು, ಹಿಂದಕ್ಕೆ ಜಾರುವುದು. ಲಾರಿಯ ಹಿಂದೆ ಏರಿನಲ್ಲಿ ನಿಂತು, ಬ್ರೇಕಿನಿಂದ ಕಾಲು ತೆಗೆದು ಆಕ್ಸಿಲರೇಟರ್ ಒತ್ತುವಷ್ಟರಲ್ಲಿ ಕಾರು ಒಂದು ಮೊಳ ಹಿಂದೆ ಬಂತು. ಹಿಂದೆ ಬಸ್ಸು! ಜೀವ ಬಾಯಿಗೆ ಬಂದಿತ್ತು. ನಾನು ಕೊಂಡ ಮಾಡೆಲ್‌ನಲ್ಲಿ ಹಿಲ್ ಹೋಲ್ಡ್ ಇರಲಿಲ್ಲ. ಇದ್ದರೆ ಎರಡು ಮೂರು ಸೆಕೆಂಡು ಬ್ರೇಕ್ ತಾನೇ ಹಿಡಿದುಕೊಂಡಿರುತ್ತದೆ, ಅಷ್ಟು ಸಾಕು. ಆಮೇಲೆ ಹ್ಯಾಂಡ್‌ಬ್ರೇಕ್ ಹಾಕಿ ನಿಂತು, ಆಕ್ಸಿಲರೇಟರ್ ಒತ್ತುತ್ತಾ ಅದನ್ನು ಬಿಟ್ಟು ಹೊರಡುವುದು ರೂಢಿಯಾಯಿತು. ಆಕ್ಸಿಲರೇಟರ್ ಒತ್ತಿಕೊಂಡೇ ಏರಿನಲ್ಲಿ ನಿಲ್ಲಿಸಬೇಡಿ, ಕ್ಲಚ್ ಸುಟ್ಟುಹೋಗುತ್ತದೆ.

ಮ್ಯಾನ್ಯುಯಲ್‌ನಲ್ಲಿ ಹಿಡಿತ ಪೂರ್ತಿ ನಮ್ಮದು. ಆದರೆ ಮೇಲೆ ತಲುಪುವಾಗ ನನ್ನ ಎಡ ಮಂಡಿ ನೋಯುತ್ತಿತ್ತು.

ಸಿವಿಟಿ, ಅಂದರೆ ಗೇರಿನ ಮೆಟ್ಟಿಲುಗಳೇ ಇಲ್ಲದ ಇನ್ನೊಂದು ಥರದ ಆಟೋಮ್ಯಾಟಿಕ್, ನಾನು ಓಡಿಸಿಲ್ಲ, ತಮ್ಮನ ಕಾರಿನಲ್ಲಿ ಕೂತಿದ್ದೇನೆ ಅಷ್ಟೇ. ಏರಿನಲ್ಲಿ ಎಂಜಿನ್ ಸದ್ದು ಜಾಸ್ತಿ, ಜರ್ಕ್ ಮಾತ್ರ ಇಲ್ಲ.

ಟಾರ್ಕ್ ಕನ್ವರ್ಟರ್‌ನಲ್ಲಿ ಎಂಜಿನ್ನಿನ ಶಕ್ತಿ ಎಣ್ಣೆಯ ಮೂಲಕ ಗೇರ್‌ಬಾಕ್ಸ್‌ಗೆ ಹೋಗುತ್ತದೆ. ಆ ಗೇರ್‌ಬಾಕ್ಸೂ ಬೇರೆ ಥರ, ಒಂದು ಗೇರು ಬಿಡುತ್ತಲೇ ಇನ್ನೊಂದು ಹಿಡಿಯುತ್ತದೆ. ಹಾಗಾಗಿ ಗೇರು ಬದಲಾದರೂ ಎಳೆತ ಕಡಿಯುವುದಿಲ್ಲ. ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ, ಅದು ನಿಜ. ಇಳಿಯುವಾಗ ಡಿ (ಡ್ರೈವ್) ಯಲ್ಲೇ ಬಿಟ್ಟು ಬ್ರೇಕ್ ಒತ್ತುತ್ತಾ ಬಂದರೆ ಬ್ರೇಕ್ ಕಾದು ವಾಸನೆ ಬರುತ್ತದೆ, ಹಾಗಾಗಿ ನಾನು ಎರಡನೇ ಗೇರಿಗೆ ಹಾಕಿಬಿಡುತ್ತೇನೆ. ಎಂಜಿನ್ನೇ ಗಾಡಿಯನ್ನು ಹಿಡಿಯುತ್ತದೆ.

ನಾವು ವರ್ಷಕ್ಕೆ ನಾಲ್ಕು ಸಲವಾದರೂ ಬೆಟ್ಟಕ್ಕೆ ಹೋಗುತ್ತೇವೆ. ಹೊಸದು ಕೈಗೆಟುಕಲಿಲ್ಲ, ಸೆಕೆಂಡ್ ಹ್ಯಾಂಡ್ ತೆಗೆದುಕೊಂಡೆ, ಬೇಸರ ಇಲ್ಲ. ನೀವು ವರ್ಷಕ್ಕೊಮ್ಮೆ ಮಾತ್ರ ಹೋಗುವವರಾದರೆ ಸುಮ್ನೆ ಕಾರು ಬದಲಿಸಬೇಡಿ. ಎಎಂಟಿಯನ್ನು ಎಂ ಮೋಡ್‌ಗೆ (ಗೇರು ನಾವೇ ಬದಲಿಸುವ ಮೋಡ್) ಹಾಕಿ ಎರಡನೇ ಗೇರಿನಲ್ಲೇ ಹತ್ತಿ, ಅರ್ಧ ತೊಂದರೆ ತಪ್ಪುತ್ತದೆ.

ಹೋದ ಸಲ ಪುಸ್ತಕ ಮನೆಯಲ್ಲೇ ಬಿಟ್ಟೆವು. ಮಗಳು ಕಿಟಕಿ ಇಳಿಸಿಕೊಂಡು ತಿರುವುಗಳನ್ನು ಎಣಿಸುತ್ತಾ ಬಂದಳು. ಅಮ್ಮ ಪೂರ್ತಿ ದಾರಿ ಎಚ್ಚರವಾಗಿದ್ದರು, ಮೇಲೆ ತಲುಪಿದಾಗ ಶಾಲು ಕೇಳಿದರು, ಅಷ್ಟೇ.